ಕೋಚ್ ತಲೆದಂಡದಿಂದ ತಂಡ ಗೆದ್ದೀತೇ?

2023ರ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಅಭಿಮಾನಿಗಳ ಕಣ್ಣೆದುರೇ ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿಗೆ 0–4ರಿಂದ ಶರಣಾಯಿತು. ಮರುದಿನವೇ ಮುಖ್ಯ ಕೋಚ್ ಸೈಮನ್ ಗ್ರೇಸನ್ ತಲೆದಂಡವಾಯಿತು. 2022ರಲ್ಲಿ ತಂಡಕ್ಕೆ ಡುರಾಂಡ್ ಕಪ್ ಗೆದ್ದುಕೊಟ್ಟವರು ಅವರು. 2023ರ ಮಾರ್ಚ್‌ನಲ್ಲಿ ತಂಡವನ್ನು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ವರೆಗೆ ಕರೆದೊಯ್ದವರೂ ಅವರೇ. ಒಂಬತ್ತು ತಿಂಗಳಲ್ಲಿ ಎಲ್ಲವೂ ಅದಲುಬದಲಾಗಿತ್ತು.

ಸೋಲುತ್ತಿರುವ ತಂಡ ಕೋಚ್‌ನನ್ನು ಕಳಿಸಿದ ಗಳಿಗೆಯಿಂದ ಹೊಸಬರ ಹುಡುಕಾಟ ಊರ ಮಾತಾಗುತ್ತದೆ. ದೊಡ್ಡ ಹೆಸರು ಬರಲಿ ಎಂದು ಒಬ್ಬರು, ಹಳಬರನ್ನೇ ಕರೆಸಿ ಎಂದು ಇನ್ನೊಬ್ಬರು, ವಿದೇಶದವರೇ ಆಗಬೇಕು ಎಂದು ಮತ್ತೊಬ್ಬರು. ಈ ಮಾತುಗಳ ಹಿಂದೆ ತಂಡದ ಮೇಲಿನ ಪ್ರೀತಿ ಇದೆ. ಆದರೆ ನಾವು ಖಚಿತವೆಂದು ನಂಬಿರುವ ಹಲವು ಸಂಗತಿಗಳು ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಅಂಥ ಏಳು ನಂಬಿಕೆಗಳನ್ನು ಇಲ್ಲಿ ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ಹೊಸ ಕೋಚ್ ಬಂದ ಕೂಡಲೇ ತಂಡ ಗೆಲ್ಲತೊಡಗುತ್ತದೆ

ಸತ್ಯ: ಗೆಲುವು ಮರಳುವುದು ಉಂಟು. ಆದರೆ ಅದಕ್ಕೆ ಹೊಸ ಕೋಚ್ ಕಾರಣವೇ ಎಂಬುದು ಬೇರೆ ಪ್ರಶ್ನೆ. ಯಾನ್ ಫಾನ್ ಔರ್ಸ್ ಮತ್ತು ಮಾರ್ಟಿನ್ ಫಾನ್ ಟೈಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸ್‌ನ ಅಗ್ರ ಲೀಗ್‌ನ 14 ಋತುಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಬಂಧ ಪ್ರಕಟಿಸಿದರು. ಋತುವಿನ ನಡುವೆ ಕೋಚ್‌ನನ್ನು ತೆಗೆದ ತಂಡಗಳನ್ನು ಅವರು ಒಂದು ಕಡೆ ಇಟ್ಟರು. ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದರು. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಚೇತರಿಸಿಕೊಂಡಿದ್ದವು.

ಕಾರಣ ಸರಳ. ಯೋಗ್ಯತೆಗಿಂತ ತೀರಾ ಕೆಳಗೆ ಕುಸಿದ ತಂಡ ಸ್ವಲ್ಪ ಕಾಲದಲ್ಲಿ ತನ್ನ ಸಹಜ ಮಟ್ಟಕ್ಕೆ ಮರಳುತ್ತದೆ. ಗಾಯಗೊಂಡವರು ಗುಣವಾಗುತ್ತಾರೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಬಲೆ ಸೇರುತ್ತದೆ, ಪ್ರಬಲ ಎದುರಾಳಿಗಳ ಸರದಿ ಮುಗಿಯುತ್ತದೆ. ಆ ಹೊತ್ತಿಗೆ ಕುರ್ಚಿಯಲ್ಲಿ ಕೂತವರಿಗೆ ಶ್ರೇಯ ಸಲ್ಲುತ್ತದೆ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. 2021ರ ಜನವರಿಯಲ್ಲಿ ಚೆಲ್ಸಿ ಕ್ಲಬ್ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ತೆಗೆದು ಥಾಮಸ್ ಟುಕೆಲ್ ಅವರನ್ನು ತಂದಿತು. ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಆದರೆ ಆ ತಂಡದಲ್ಲಿ ಯುರೋಪಿನ ಉತ್ತಮ ಆಟಗಾರರು ಅದಾಗಲೇ ಇದ್ದರು. ಬೆಂಗಳೂರಿನ ಅನುಭವ ಬೇರೆ. ಗ್ರೇಸನ್ ನಂತರ ಸ್ಪೇನ್‌ನ ಜೆರಾರ್ಡ್ ಝರಗೋಜಾ ಋತುವಿನ ನಡುವೆ ಬಂದರು. ಆದರೂ 2023–24ರಲ್ಲಿ ತಂಡ 12 ತಂಡಗಳ ಪೈಕಿ 10ನೇ ಸ್ಥಾನದಲ್ಲೇ ಉಳಿಯಿತು.

ತಪ್ಪು ಕಲ್ಪನೆ 2: ಸೋಲಿಗೆ ಕೋಚ್ ಒಬ್ಬರೇ ಹೊಣೆ

ಸತ್ಯ: ಕೋಚ್ ತಂಡವನ್ನು ಆಡಿಸುತ್ತಾರೆ, ನಿಜ. ಆದರೆ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಎಷ್ಟು ಸಂಬಳ ಕೊಡಬೇಕು ಎಂಬುದು ಬಹುತೇಕ ಆಡಳಿತದ ತೀರ್ಮಾನ. ಇಂಗ್ಲೆಂಡಿನ ಕ್ಲಬ್‌ಗಳ ಲೆಕ್ಕಪತ್ರ ತೆಗೆದು ನೋಡಿದ ಸೈಮನ್ ಕೂಪರ್ ಮತ್ತು ಸ್ಟೀಫನ್ ಝಿಮಾನ್‌ಸ್ಕಿ ‘ಸಾಕರ್‌ನಾಮಿಕ್ಸ್’ ಕೃತಿಯಲ್ಲಿ ಒಂದು ಅಂಶವನ್ನು ಎತ್ತಿ ತೋರಿಸಿದ್ದಾರೆ. ಹಲವು ವರ್ಷಗಳ ಸರಾಸರಿ ತೆಗೆದುಕೊಂಡರೆ, ಲೀಗ್‌ನಲ್ಲಿ ಕ್ಲಬ್‌ಗಳ ಸ್ಥಾನದಲ್ಲಿರುವ ವ್ಯತ್ಯಾಸದ ಸುಮಾರು ಶೇ 90ರಷ್ಟನ್ನು ಆಟಗಾರರಿಗೆ ಕೊಡುವ ಸಂಬಳದಿಂದಲೇ ವಿವರಿಸಬಹುದು.

ಗ್ರೇಸನ್ ಅವರ ಎರಡು ಋತುಗಳನ್ನೇ ನೋಡಿ. 2022–23ರ ಮೊದಲಾರ್ಧದಲ್ಲಿ ಬೆಂಗಳೂರು ಅಂಕಪಟ್ಟಿಯ ಕೆಳಭಾಗದಲ್ಲಿ ತೆವಳುತ್ತಿತ್ತು. ಆಗ ಆಡಳಿತ ಕೋಚ್‌ನನ್ನು ಬದಲಿಸಲಿಲ್ಲ. ತಂಡ ಸತತ ಎಂಟು ಲೀಗ್ ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೇರಿತು. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಮಾತ್ರ ಸೋತಿತು. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಗೆ ಹೋದರು. ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾ ಸೇರಿದರು. ಮುಂದಿನ ಋತುವಿನಲ್ಲಿ ತಂಡ ಕುಸಿಯಿತು. ಕೋಚ್ ಅದೇ, ಆಟಗಾರರು ಬೇರೆ. ಉಗ್ರಾಣದಲ್ಲಿ ಸಾಮಾನಿಲ್ಲದಿದ್ದರೆ ಅಡುಗೆಭಟ್ಟರನ್ನು ಬದಲಿಸಿದ ಮಾತ್ರಕ್ಕೆ ಊಟದ ರುಚಿ ಬದಲಾಗುವುದಿಲ್ಲ.

ತಪ್ಪು ಕಲ್ಪನೆ 3: ದೊಡ್ಡ ಆಟಗಾರನಾಗಿದ್ದವರೇ ದೊಡ್ಡ ಕೋಚ್ ಆಗುತ್ತಾರೆ

ಸತ್ಯ: ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು. ಇಟಲಿಯ ಅರಿಗೊ ಸಾಕ್ಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ; ಬೂಟು ಮಾರುವ ಕೆಲಸದಲ್ಲಿದ್ದವರು. ಅವರ ಪುಟ್ಟ ಪಾರ್ಮಾ ತಂಡ ಇಟಾಲಿಯನ್ ಕಪ್‌ನಲ್ಲಿ ಎಸಿ ಮಿಲಾನ್ ತಂಡವನ್ನೇ ಸೋಲಿಸಿತು. ಆ ಆಟ ಕಂಡ ಮಿಲಾನ್ ಮಾಲೀಕ ಸಿಲ್ವಿಯೊ ಬೆರ್ಲುಸ್ಕೋನಿ 1987ರಲ್ಲಿ ಅವರನ್ನೇ ಕರೆತಂದರು. ಮಿಲಾನ್ 1989 ಮತ್ತು 1990ರಲ್ಲಿ ಸತತವಾಗಿ ಯುರೋಪಿಯನ್ ಕಪ್ ಗೆದ್ದಿತು.

ಇನ್ನೊಂದು ಬದಿಯಲ್ಲಿ ಗ್ಯಾರಿ ನೆವಿಲ್ ಇದ್ದಾರೆ. ಇಂಗ್ಲೆಂಡ್ ಪರ 85 ಪಂದ್ಯ ಆಡಿದವರು, ಟಿ.ವಿ.ಯಲ್ಲಿ ಆಟವನ್ನು ಸೊಗಸಾಗಿ ವಿಶ್ಲೇಷಿಸುವವರು. 2015ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ವೆಲೆನ್ಸಿಯಾ ತಂಡಕ್ಕೆ ಕೋಚ್ ಆದರು. ಮುಖ್ಯ ಕೋಚ್ ಆಗಿ ಅನುಭವವಿರಲಿಲ್ಲ, ಆಟಗಾರರ ಭಾಷೆ ಬರುತ್ತಿರಲಿಲ್ಲ. ಲೀಗ್‌ನ ಮೊದಲ ಗೆಲುವಿಗೆ ಫೆಬ್ರುವರಿವರೆಗೆ ಕಾಯಬೇಕಾಯಿತು. ಮಾರ್ಚ್ ಮುಗಿಯುವಷ್ಟರಲ್ಲಿ ಹೊರಬಿದ್ದರು. ಅದೇ ಋತುವಿನಲ್ಲಿ ಜರ್ಮನಿಯ ಹಾಫೆನ್‌ಹೈಮ್ ತಂಡ ಕೆಳಗಿನ ಡಿವಿಷನ್‌ಗೆ ಜಾರುವ ಅಂಚಿನಲ್ಲಿತ್ತು. 28 ವರ್ಷದ ಯೂಲಿಯನ್ ನಾಗಲ್ಸ್‌ಮನ್ ಅದರ ಹೊಣೆ ಹೊತ್ತು ತಂಡವನ್ನು ಅಗ್ರ ಲೀಗ್‌ನಲ್ಲಿ ಉಳಿಸಿದರು. ಗಾಯದಿಂದಾಗಿ ಹರೆಯದಲ್ಲೇ ಆಟ ಬಿಟ್ಟಿದ್ದವರು ಅವರು.

ತಪ್ಪು ಕಲ್ಪನೆ 4: ಬೇರೆಡೆ ಗೆದ್ದವರನ್ನು ತಂದರೆ ಇಲ್ಲೂ ಗೆಲ್ಲುತ್ತಾರೆ

ಸತ್ಯ: ಕೋಚ್‌ನ ಆಟದ ಶೈಲಿ ಕೈಯಲ್ಲಿರುವ ಆಟಗಾರರಿಗೆ ಹೊಂದಬೇಕು. ಕ್ಲಾಡಿಯೊ ರಾನಿಯೇರಿ 2014ರಲ್ಲಿ ಗ್ರೀಸ್ ತಂಡದ ಕೋಚ್ ಆಗಿದ್ದರು. ಪುಟ್ಟ ಫೆರೊ ದ್ವೀಪಗಳ ತಂಡಕ್ಕೆ ತವರಿನಲ್ಲೇ ಸೋತು ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. 2016ರ ಮೇನಲ್ಲಿ ಅದೇ ರಾನಿಯೇರಿ ಲೆಸ್ಟರ್ ಸಿಟಿಗೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು. ವೇಗವಾಗಿ ಎದುರುದಾಳಿ ಮಾಡಬಲ್ಲ ಜೇಮಿ ವಾರ್ಡಿ, ರಿಯಾದ್ ಮಹ್ರೆಜ್ ಅವರಂಥವರು ಅಲ್ಲಿದ್ದರು. ಆ ಆಟಗಾರರ ಆಟಕ್ಕೆ ತಕ್ಕ ವ್ಯೂಹವನ್ನು ರಾನಿಯೇರಿ ಕಟ್ಟಿದರು. ಒಂಬತ್ತು ತಿಂಗಳ ಬಳಿಕ, 2017ರ ಫೆಬ್ರುವರಿಯಲ್ಲಿ, ಲೆಸ್ಟರ್ ಕೂಡ ಅವರನ್ನು ಕೈಬಿಟ್ಟಿತು.

ರುಬೆನ್ ಅಮೊರಿಮ್ ಪೋರ್ಚುಗಲ್‌ನ ಸ್ಪೋರ್ಟಿಂಗ್ ತಂಡವನ್ನು ಚಾಂಪಿಯನ್ ಮಾಡಿದವರು. ಮೂವರು ಸೆಂಟರ್ ಬ್ಯಾಕ್‌ಗಳನ್ನು ಇಟ್ಟು ಆಡಿಸುವುದು ಅವರ ಪದ್ಧತಿ. 2024ರ ನವೆಂಬರ್‌ನಲ್ಲಿ, ಋತುವಿನ ನಡುವೆ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಆ ಪದ್ಧತಿಗೆಂದು ಆರಿಸಿದ ತಂಡ ಅದಾಗಿರಲಿಲ್ಲ. ಯುನೈಟೆಡ್ ಆ ಋತುವನ್ನು 15ನೇ ಸ್ಥಾನದಲ್ಲಿ ಮುಗಿಸಿತು. ಪ್ರೀಮಿಯರ್ ಲೀಗ್‌ನಲ್ಲಿ ಅದು ಅಷ್ಟು ಕೆಳಗಿಳಿದದ್ದು ಅದೇ ಮೊದಲು.

ತಪ್ಪು ಕಲ್ಪನೆ 5: ಭಾರತದ ತಂಡಗಳಿಗೆ ವಿದೇಶಿ ಕೋಚ್ ಬಿಟ್ಟರೆ ಗತಿಯಿಲ್ಲ

ಸತ್ಯ: ವಿದೇಶಿ ಕೋಚ್‌ಗಳಿಂದ ನಮಗೆ ಬಹಳ ಲಾಭವಾಗಿದೆ. ಆಶ್ಲೆ ವೆಸ್ಟ್‌ವುಡ್ ಬೆಂಗಳೂರಿಗೆ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದುಕೊಟ್ಟರು. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಐಎಸ್‌ಎಲ್ ಕಿರೀಟ ತಂದರು. ಈ ಋಣವನ್ನು ಮರೆಯಬೇಕಿಲ್ಲ.

ಆದರೆ ಭಾರತೀಯ ಫುಟ್‌ಬಾಲ್‌ನ ಅತಿ ದೊಡ್ಡ ಸಾಧನೆಗಳ ಹಿಂದೆ ಇದ್ದವರು ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಬಂದದ್ದು ಅವರ ಗರಡಿಯಲ್ಲಿ. ಖಾಲಿದ್ ಜಮೀಲ್ 2016–17ರಲ್ಲಿ ಮಿಜೋರಾಂನ ಐಜಾಲ್ ಎಫ್‌ಸಿಯನ್ನು ಐ–ಲೀಗ್ ಚಾಂಪಿಯನ್ ಮಾಡಿದರು. ಅದರ ಹಿಂದಿನ ಋತುವಿನಲ್ಲಿ ಅದೇ ತಂಡ ಅಂಕಪಟ್ಟಿಯ ಕೆಳಭಾಗಕ್ಕಿಳಿದು ಲೀಗ್‌ನಿಂದಲೇ ಹೊರಬೀಳುವ ಸ್ಥಿತಿಯಲ್ಲಿತ್ತು. ಮುಂದೆ ಐಎಸ್‌ಎಲ್ ತಂಡವೊಂದಕ್ಕೆ ಕಾಯಂ ಮುಖ್ಯ ಕೋಚ್ ಆದ ಮೊದಲ ಭಾರತೀಯ ಅವರೇ. ನಮ್ಮ ಕರ್ನಾಟಕ ತಂಡ 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಎತ್ತಿದಾಗಲೂ ಕೋಚ್ ಆಗಿದ್ದವರು ಇಲ್ಲಿಯವರೇ. ಹುಡುಕಾಟದ ಪಟ್ಟಿಯಲ್ಲಿ ಇಂಥವರ ಹೆಸರಿಗೂ ಜಾಗವಿರಬೇಕು; ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಯೋಗ್ಯತೆಯ ಅಳತೆಯಲ್ಲ.

ತಪ್ಪು ಕಲ್ಪನೆ 6: ಹಂಗಾಮಿ ಕೋಚ್ ಗೆಲ್ಲುತ್ತಿದ್ದರೆ ಅವರನ್ನೇ ಕಾಯಂ ಮಾಡುವುದು ಜಾಣತನ

ಸತ್ಯ: ಕೆಲವು ವಾರಗಳ ಗೆಲುವು ವರ್ಷಗಳ ಭರವಸೆಯಲ್ಲ. ಓಲೆ ಗುನ್ನಾರ್ ಸೋಲ್ಶರ್ 2018ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹಂಗಾಮಿಯಾಗಿ ಬಂದು 19 ಪಂದ್ಯಗಳಲ್ಲಿ 14 ಗೆದ್ದರು. ಮಾರ್ಚ್‌ನಲ್ಲಿ ಕಾಯಂ ಆದರು. ಆ ಬಳಿಕ ತಂಡದ ಓಟ ನಿಂತಿತು. ಋತು ಮುಗಿದಾಗ ಯುನೈಟೆಡ್ ಆರನೇ ಸ್ಥಾನದಲ್ಲಿತ್ತು. ರಾಬರ್ಟೊ ಡಿ ಮಟ್ಟಿಯೊ 2012ರಲ್ಲಿ ಹಂಗಾಮಿ ಕೋಚ್ ಆಗಿ ಚೆಲ್ಸಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟು ಕಾಯಂ ಆದರು; ಅದೇ ನವೆಂಬರ್‌ನಲ್ಲಿ ಮನೆಗೆ ಹೋದರು. ಹಂಗಾಮಿ ಕೋಚ್‌ನ ಕೆಲಸ ಕಳೆದುಹೋದ ಆತ್ಮವಿಶ್ವಾಸವನ್ನು ಮರಳಿಸುವುದು. ಕಾಯಂ ಕೋಚ್ ತಂಡವನ್ನೇ ಕಟ್ಟಬೇಕು.

ತಪ್ಪು ಕಲ್ಪನೆ 7: ಕೋಚ್ ಹೋದ ಮೇಲೆ ಹುಡುಕಾಟ ಶುರುವಾಗುತ್ತದೆ

ಸತ್ಯ: ಚೆನ್ನಾಗಿ ನಡೆಯುವ ಕ್ಲಬ್‌ನಲ್ಲಿ ಹುಡುಕಾಟ ನಿಲ್ಲುವುದೇ ಇಲ್ಲ. ಕ್ರೀಡಾ ನಿರ್ದೇಶಕರ ಬಳಿ ಸದಾ ಒಂದು ಪಟ್ಟಿ ಇರುತ್ತದೆ. ತಮ್ಮ ಕ್ಲಬ್ ಎಂಥ ಆಟ ಆಡಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ಹೊಂದುವವರ ಪಂದ್ಯಗಳನ್ನು ತಿಂಗಳುಗಟ್ಟಲೆ ಗಮನಿಸುತ್ತಾರೆ. ಎಳೆಯ ಆಟಗಾರರನ್ನು ಬೆಳೆಸಿದ್ದಾರೆಯೇ, ಸೋಲುವಾಗ ಹೇಗೆ ನಡೆದುಕೊಂಡರು, ಜೊತೆಗೆ ಯಾವ ಸಹಾಯಕರನ್ನು ತರುತ್ತಾರೆ, ಬೇಕಾದ ಲೈಸೆನ್ಸ್ ಇದೆಯೇ, ಈಗಿರುವ ಕ್ಲಬ್‌ಗೆ ಎಷ್ಟು ಪರಿಹಾರ ಕೊಡಬೇಕು ಎಂಬುದನ್ನೆಲ್ಲ ವಿಚಾರಿಸಿರುತ್ತಾರೆ.

2022ರ ಸೆಪ್ಟೆಂಬರ್ ಇದಕ್ಕೆ ಒಳ್ಳೆಯ ಪಾಠ. ಚೆಲ್ಸಿ ಕ್ಲಬ್ ಟುಕೆಲ್ ಅವರನ್ನು ತೆಗೆದು, ದೊಡ್ಡ ಮೊತ್ತದ ಪರಿಹಾರ ಕೊಟ್ಟು ಬ್ರೈಟನ್‌ನಿಂದ ಗ್ರಹಾಂ ಪಾಟರ್ ಅವರನ್ನು ಸೆಳೆದುಕೊಂಡಿತು. ಕೋಚ್ ಕಳೆದುಕೊಂಡ ಬ್ರೈಟನ್ ಹತ್ತೇ ದಿನದಲ್ಲಿ ರಾಬರ್ಟೊ ಡಿ ಝೆರ್ಬಿ ಅವರನ್ನು ನೇಮಿಸಿತು. ಋತು ಮುಗಿದಾಗ ಬ್ರೈಟನ್ ಆರನೇ ಸ್ಥಾನದಲ್ಲಿದ್ದು, ಇತಿಹಾಸದಲ್ಲೇ ಮೊದಲ ಬಾರಿಗೆ ಯುರೋಪಿಯನ್ ಟೂರ್ನಿಗೆ ಅರ್ಹತೆ ಪಡೆಯಿತು. ನಡುವೆ ಪಾಟರ್ ಅವರನ್ನೂ ಕಳಿಸಿದ್ದ ಚೆಲ್ಸಿ 12ನೇ ಸ್ಥಾನಕ್ಕೆ ಕುಸಿದಿತ್ತು.

ಹುಡುಕಾಟ ದೊಡ್ಡ ಹೆಸರುಗಳ ಬೆನ್ನು ಹತ್ತಿದರೆ ಚರ್ಚೆ ದಾರಿ ತಪ್ಪುತ್ತದೆ. ನಮ್ಮ ರಾಷ್ಟ್ರೀಯ ತಂಡಕ್ಕೆ 2025ರಲ್ಲಿ ಕೋಚ್ ಹುಡುಕುವಾಗ ಕ್ಸಾವಿ ಮತ್ತು ಪೆಪ್ ಗ್ವಾರ್ಡಿಯೋಲಾ ಹೆಸರಿನಲ್ಲೂ ಅರ್ಜಿಗಳು ಬಂದಿದ್ದವು. ಅವು ನಕಲಿ ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬಳಿಕ ತಿಳಿಸಿತು. ಆ ಹೆಸರುಗಳ ಸುತ್ತ ನಡೆದ ಚರ್ಚೆಯಲ್ಲಿ ಅಂತಿಮ ಪಟ್ಟಿಯಲ್ಲಿದ್ದ ಮೂವರ ಯೋಗ್ಯತೆಯ ಮಾತು ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ನೇಮಕವಾದವರು ಖಾಲಿದ್ ಜಮೀಲ್. ಕೆಲವೇ ವಾರಗಳಲ್ಲಿ ಅವರ ತಂಡ ಮಧ್ಯ ಏಷ್ಯಾದ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಮಣಿಸಿ ಮೂರನೇ ಸ್ಥಾನ ಪಡೆಯಿತು.

ಹಾಗಾದರೆ ಅಭಿಮಾನಿ ಏನನ್ನು ಕೇಳಬೇಕು?

ಕೋಚ್‌ನನ್ನು ಎಂದೂ ಬದಲಿಸಬಾರದು ಎಂಬುದು ಈ ಬರಹದ ವಾದವಲ್ಲ. ಆಟಗಾರರ ವಿಶ್ವಾಸ ಕಳೆದುಕೊಂಡವರು, ತಪ್ಪಿನಿಂದ ಕಲಿಯದವರು ಹೋಗಲೇಬೇಕಾಗುತ್ತದೆ. ಆದರೆ ಬದಲಾವಣೆಯ ಫಲ ಕಾಣಲು ತಯಾರಿ ಬೇಕು, ಕಾಲ ಬೇಕು. ಅಲೆಕ್ಸ್ ಫರ್ಗ್ಯುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರೂ ಮೊದಲ ಟ್ರೋಫಿ ಬಂದದ್ದು 1990ರಲ್ಲಿ, ಮೊದಲ ಲೀಗ್ ಪ್ರಶಸ್ತಿ 1993ರಲ್ಲಿ. ಬೆಂಗಳೂರಿನಲ್ಲೂ ಕಂಡದ್ದು ಇದನ್ನೇ. ಋತುವಿನ ನಡುವೆ ಬಂದು 10ನೇ ಸ್ಥಾನ ಕಂಡ ಝರಗೋಜಾ ಅವರಿಗೆ ಪೂರ್ಣ ಬೇಸಿಗೆಯ ತಯಾರಿಯೂ ಪೆರೇರಾ ಡಿಯಾಸ್, ನೊಗೇರಾ, ರಾಹುಲ್ ಭೆಕೆ ಅವರಂಥ ಆಟಗಾರರೂ ಸಿಕ್ಕರು. 2024–25ರಲ್ಲಿ ತಂಡ ಮೂರನೇ ಸ್ಥಾನಕ್ಕೇರಿ ಫೈನಲ್ ತಲುಪಿತು. 40 ದಾಟಿದ್ದ ಸುನಿಲ್ ಚೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದರು.

ಆದ್ದರಿಂದ ನಿಮ್ಮ ತಂಡ ಮತ್ತೆ ಕೋಚ್ ಹುಡುಕಲು ಹೊರಟಾಗ ‘ಯಾರು ಬರುತ್ತಾರೆ’ ಎಂದು ಕೇಳುವ ಮೊದಲು ಆಡಳಿತದ ಮುಂದೆ ಮೂರು ಪ್ರಶ್ನೆ ಇಡಿ. ಸೋಲಿಗೆ ಕಾರಣ ಏನೆಂದು ಗುರುತಿಸಿದ್ದೀರಾ? ಬರುವವರ ಆಟಕ್ಕೆ ತಕ್ಕ ಆಟಗಾರರನ್ನು ಒದಗಿಸುತ್ತೀರಾ? ಕನಿಷ್ಠ ಒಂದು ಪೂರ್ಣ ಋತು ಅವರ ಬೆನ್ನಿಗೆ ನಿಲ್ಲುತ್ತೀರಾ? ಈ ಮೂರಕ್ಕೂ ಉತ್ತರ ಕೊಡಲಾಗದ ಕ್ಲಬ್‌ಗೆ ಯಾವ ಕೋಚ್ ಬಂದರೂ ಪ್ರಯೋಜನವಾಗದು.