ಕದಿರಿಗೇರುವ ಕರಿ ಉಣ್ಣೆ

ಚಳ್ಳಕೆರೆ ಸೀಮೆಯ ಕುರುಬರ ಹಟ್ಟಿ. ಬಿಸಿಲೇರುವ ಹೊತ್ತಿಗೆ ಜಗುಲಿಯ ಮೇಲೆ ಉಣ್ಣೆಯ ರಾಶಿ. ಕತ್ತರಿ ಹಾಕುವ ಮುನ್ನ ಕುರಿಗಳನ್ನು ಕೆರೆಗಿಳಿಸಿ ಮೈ ತೊಳೆದಿದ್ದರೂ ಮುಳ್ಳು, ಕಡ್ಡಿ, ಒಣಹುಲ್ಲಿನ ಚೂರು ಬಿಟ್ಟುಹೋಗಿಲ್ಲ. ಜಿಡ್ಡಿನ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತದೆ. ಕಾಲು ನೀಡಿ ಕೂತ ಅಜ್ಜಿ ಚಿಟಿಕೆ ಉಣ್ಣೆ ಹಿಡಿದು ಎರಡೂ ಕೈಯಲ್ಲಿ ಜಗ್ಗುತ್ತಾಳೆ. ಪಟ್ಟನೆ ಹರಿದರೆ ಪಕ್ಕಕ್ಕೆ, ತಡೆದರೆ ಮಡಿಲಿಗೆ. ಕರಿಯದು ಒಂದು ಗುಡ್ಡೆ, ಕಂದು ಇನ್ನೊಂದು. ಮರಿಗಳ ಮೊದಲ ಕತ್ತರಿಯ ಮೆತ್ತನೆ ಉಣ್ಣೆಗೆ ಬೇರೆಯೇ ಬುಟ್ಟಿ.

ಹಿಂಜಿದ್ದನ್ನು ಬಿಲ್ಲಿನ ಹೆದೆಗೆ ಕೊಟ್ಟು ಮೀಟಿದರೆ ಕಸ ಉದುರಿ ಎಳೆ ಬಿಡಿಬಿಡಿಯಾಗಿ ಉಬ್ಬುತ್ತದೆ. ಸುರುಳಿ ಸುತ್ತಿದರೆ ಹಂಜಿ. ಬಲಗೈ ರಾಟೆ ತಿರುವುತ್ತಿದ್ದಂತೆ ಎಡಗೈಯ ಹಂಜಿ ಹಿಂದಕ್ಕೆ ಸರಿಯುತ್ತದೆ, ಕದಿರಿನ ತುದಿಯಲ್ಲಿ ನೂಲು ಹುಟ್ಟುತ್ತದೆ. ಹಾಸಿನ ನೂಲಿಗೆ ಬಿಗಿ ಹುರಿ, ಹೊಕ್ಕಿನದಕ್ಕೆ ಸಡಿಲ. ಹಾಸಿನೆಳೆಗಂತೂ ಮುಂದೆ ಹುಣಸೆಬೀಜದ ಗಂಜಿಯನ್ನೂ ಕುಡಿಸಬೇಕು.

ಇದೆಲ್ಲ ಕಂಬಳಿಯ ಲೆಕ್ಕ. ಸೂಜಿ ಹಿಡಿದು ಸ್ವೆಟರ್ ಹೆಣೆಯುವವರು ಇಲ್ಲಿಗೆ ಬಂದರೆ ಮೊದಲು ನೂಲನ್ನು ಕತ್ತಿಗೆ ಒತ್ತಿ ನೋಡಲಿ. ಚುಚ್ಚುತ್ತದೆ! ಎಳೆಯ ದಪ್ಪ 30 ಮೈಕ್ರಾನ್ ದಾಟಿತೆಂದರೆ ಚರ್ಮಕ್ಕೆ ಕಿರಿಕಿರಿ. ದಖನಿ ಕುರಿಯ ಒರಟು ಎಳೆಗಳು ಆ ಗೆರೆಯಾಚೆಯವು. ಮೆರಿನೋ 20ರ ಆಸುಪಾಸು, ಲಡಾಖಿನ ಚಾಂಗ್‌ಥಾಂಗ್ ಮೇಕೆಯ ಪಶ್ಮೀನಾ 12ರಿಂದ 16. ಹಾಗೆಂದು ಮೆತ್ತಗಿರುವುದೆಲ್ಲ ಮೇಲೆಂಬ ಮಾತನ್ನು ನಾನೊಪ್ಪುವುದಿಲ್ಲ. ಬರೀ ಮೆರಿನೋದಲ್ಲಿ ಹೆಣೆದ ಕಾಲುಚೀಲದ ಹಿಮ್ಮಡಿ ಬಲುಬೇಗ ಸವೆಯುತ್ತದೆ. ಒರಟು ಎಳೆ ತಾಳಿಕೆಯದು.

ಹುರಿಯದು ಇನ್ನೊಂದು ತೊಡಕು. ಮಗ್ಗಕ್ಕೆ ಒಂಟಿ ಎಳೆ ಸಾಕು. ಅದೇ ಬಿಗಿ ಒಂಟಿ ಎಳೆಯಲ್ಲಿ ಹೆಣೆದರೆ ಬಟ್ಟೆ ಓರೆಗೆ ತಿರುಚಿಕೊಳ್ಳುತ್ತದೆ. ಎರಡು ನೂಲು ಜೋಡಿಸಿ, ರಾಟೆಯನ್ನು ಎದುರು ದಿಕ್ಕಿಗೆ ತಿರುವಿ ಹೊಸೆದರೆ ಒಂದರ ಸೆಡವನ್ನು ಇನ್ನೊಂದು ಇಳಿಸುತ್ತದೆ. ಲಡಿಯನ್ನು ಉಗುರುಬೆಚ್ಚನೆ ನೀರಲ್ಲಿ ನೆನೆಸಿ ನೇತುಹಾಕಿದ ಮೇಲೇ ಅದು ಸೂಜಿಗೆ ಸಿದ್ಧ.

ಈಗ ಕುರಿ ಸಾಕುವುದು ಮಾಂಸಕ್ಕೆ. ಉಣ್ಣೆ ಬಿಡದ ತಳಿಗಳು ಹಟ್ಟಿಗೆ ಬಂದಿವೆ. ಕತ್ತರಿಸಿದ ಕೂಲಿಯೂ ಗಿಟ್ಟದೆ ಎಷ್ಟೋ ಕಡೆ ಕರಿ ಉಣ್ಣೆ ಹೊಲದ ಬದುವಿಗೆ ಬೀಳುತ್ತಿದೆ. ಹೆಣಿಗೆಯ ಹವ್ಯಾಸದವರೇ, ಕೂಸಿನ ಟೋಪಿಗೆ ಮೆರಿನೋವನ್ನೇ ತನ್ನಿ. ಬಾಗಿಲ ಮುಂದಿನ ಜಮಖಾನಕ್ಕೆ, ಸಂತೆಯ ಚೀಲಕ್ಕೆ ಮಾತ್ರ ಈ ನೂಲನ್ನು ಎರಡೆಳೆಯಾಗಿ ಹೊಸೆದುಕೊಡಿ ಎಂದು ನೂಲುವವರನ್ನೇ ಕೇಳಿ, ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.