ಕ್ರಿಸ್ತನೊಡನೆ ಐಕ್ಯ: ಕೆಲವು ತಪ್ಪು ಕಲ್ಪನೆಗಳು

ವಿಶ್ವಾಸಿಯು ಕೃಪೆಯಿಂದ ಕ್ರಿಸ್ತನೊಡನೆ ಐಕ್ಯನಾಗಿರುವನೆಂಬ ಕ್ರೈಸ್ತ ಬೋಧೆಯನ್ನು ಕೇಳಿದೊಡನೆಯೆ, ಷಟ್‌ಸ್ಥಲದ ಕೊನೆಯ ನೆಲೆಯಾದ ಐಕ್ಯಸ್ಥಲವನ್ನು ಬಲ್ಲ ಕನ್ನಡದ ಓದುಗನು, ಇದೂ ದೀರ್ಘಸಾಧನೆಯ ತುದಿಯಲ್ಲಿ ವಿರಳರಾದ ಮಹಾತ್ಮರಿಗೆ ಮಾತ್ರ ಕೈಸೇರುವ ಪರಮಾವಸ್ಥೆಯೆಂದು ಊಹಿಸುವುದು ಸಹಜವೇ ಆಗಿದೆ. ಹುಟ್ಟಿನಿಂದ ಕ್ರೈಸ್ತರಾದವರಲ್ಲಿಯೂ ಅನೇಕರು ಹೀಗೆಯೇ ಭಾವಿಸಿ, ತಾವು ಅದಕ್ಕೆ ಯೋಗ್ಯರಲ್ಲವೆಂದು ದೂರ ನಿಲ್ಲುತ್ತಾರೆ. ಅವರ ಈ ಸಂಕೋಚವು ನನ್ನ ಮನಸ್ಸನ್ನು ನೋಯಿಸುತ್ತದೆ. ಏಕೆಂದರೆ ಅವರಿಗಾಗಿಯೇ ಹೇಳಿದ ಮಾತನ್ನು ಅದು ಅವರಿಂದಲೇ ಮರೆಮಾಡುತ್ತದೆ.

ಕೊರಿಂಥದ ಸಭೆಯನ್ನು ನೋಡೋಣ. ಎರಡು ಕಡಲುಗಳ ನಡುವಣ ಇಕ್ಕಟ್ಟಾದ ಭೂಸಂಧಿಯ ಬಳಿಯಿದ್ದ ಆ ವ್ಯಾಪಾರನಗರದಲ್ಲಿ ಪೌಲನು ಒಂದೂವರೆ ವರ್ಷ ತಂಗಿ ಸಭೆಯನ್ನು ಕಟ್ಟಿದ್ದನು; ಆದರೆ ಸುಮಾರು ಕ್ರಿ.ಶ. 55ರಲ್ಲಿ ಎಫೆಸದಿಂದ ಅವರಿಗೆ ಪತ್ರ ಬರೆಯುವ ಹೊತ್ತಿಗೆ ಅಲ್ಲಿನ ಸ್ಥಿತಿ ಶೋಚನೀಯವಾಗಿದ್ದಿತು. ಒಬ್ಬನು ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದನು. ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ್ದರು. ಕರ್ತನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿರಲು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಇಂಥವರನ್ನೇ ಪೌಲನು ಪತ್ರದ ಮೊದಲಲ್ಲಿಯೇ ಕ್ರಿಸ್ತನಲ್ಲಿರುವವರೆಂದು ಕರೆದು, ಮುಂದೆ ಅವನ ದೇಹದ ಅವಯವಗಳೆಂದೂ ಹೇಳುತ್ತಾನೆ. ಐಕ್ಯವು ಪರಿಪೂರ್ಣರಿಗೆ ಸಲ್ಲುವ ಬಹುಮಾನವಾಗಿದ್ದರೆ ಈ ಮಾತು ಕೊರಿಂಥದವರಿಗೆ ಹೇಗೆ ಒಪ್ಪೀತು?

ಹಾಗಾದರೆ ನಡತೆ ಹೇಗಿದ್ದರೂ ಸರಿಯೆ? ಈ ಆಕ್ಷೇಪವು ಪೌಲನ ಕಾಲದಷ್ಟೇ ಹಳೆಯದು. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಅವನೇ ಅದನ್ನೆತ್ತಿ, ದೀಕ್ಷಾಸ್ನಾನದಲ್ಲಿ ಕ್ರಿಸ್ತನ ಮರಣದಲ್ಲಿ ಪಾಲುಗಾರನಾದವನು ಪಾಪದಲ್ಲಿಯೇ ಬಾಳುವುದೆಂತು ಎಂದು ಉತ್ತರಿಸಿರುವನು. ಕೊರಿಂಥದಲ್ಲಿ ವೇಶ್ಯಾಗಮನವನ್ನು ಖಂಡಿಸುವಾಗಲೂ, ಹಾಗೆ ಹೋಗುವವನು ಕ್ರಿಸ್ತನ ಅವಯವವನ್ನೇ ಅಲ್ಲಿಗೆ ಒಯ್ಯುವನೆಂಬುದೇ ಅವನ ವಾದ. ಐಕ್ಯವು ಮೊದಲೇ ಉಂಟಾಗಿರದಿದ್ದರೆ ಈ ವಾದಕ್ಕೆ ಬಲವೆಲ್ಲಿಯದು?

ಇನ್ನು, ಜೀವವು ದೇವಸ್ವರೂಪದಲ್ಲಿ ಕರಗಿಹೋಗುವುದೇ ಐಕ್ಯವೆಂಬ ಎಣಿಕೆ. ಕ್ರಿಸ್ತನ ದೈವಸ್ವರೂಪಕ್ಕೆ ಸೇರಿದ ನೀತಿಯೇ ವಿಶ್ವಾಸಿಯೊಳಗೆ ನೆಲಸಿ ಅವನನ್ನು ನೀತಿವಂತನನ್ನಾಗಿ ಮಾಡುವುದೆಂದು ಆಂಡ್ರಿಯಾಸ್ ಒಸಿಯಾಂಡರನು 1550ರ ಸುಮಾರಿಗೆ ಕ್ಯೋನಿಗ್ಸ್‌ಬರ್ಗಿನಲ್ಲಿ ಬೋಧಿಸಿದಾಗ, ಜಾನ್ ಕ್ಯಾಲ್ವಿನನು ತನ್ನ ಮಹಾಗ್ರಂಥದ 1559ರ ಆವೃತ್ತಿಯಲ್ಲಿ ಇದನ್ನು ಸ್ವರೂಪಗಳ ಬೆರಕೆಯೆಂದು ವಿಸ್ತಾರವಾಗಿ ನಿರಾಕರಿಸಿದನು. ಆದರೂ ಕ್ರಿಸ್ತನು ನಮ್ಮಿಂದ ಹೊರಗೇ ಉಳಿದರೆ ಅವನು ಮಾಡಿದುದೆಲ್ಲ ನಮಗೆ ನಿಷ್ಪ್ರಯೋಜನವೆಂದೂ, ನಮ್ಮನ್ನು ಅವನಿಗೆ ಬಂಧಿಸುವವನು ಪವಿತ್ರಾತ್ಮನೆಂದೂ ಅದೇ ಗ್ರಂಥದಲ್ಲಿ ಆತನೇ ಒತ್ತಿ ಹೇಳಿರುವನು. ಮನುಷ್ಯನು ದೈವತ್ವದಲ್ಲಿ ಪಾಲುಗೊಳ್ಳುವನೆಂದು ಧೈರ್ಯವಾಗಿ ಸಾರುವ ಪೌರಸ್ತ್ಯ ಸಭೆಯಲ್ಲಿಯೂ, 14ನೆಯ ಶತಮಾನದ ಗ್ರೆಗೊರಿ ಪಲಮಾಸನು ದೇವರ ಸ್ವರೂಪವು ಮಾತ್ರ ಎಂದಿಗೂ ಅಗಮ್ಯವೆಂದೇ ವಾದಿಸಿದನು. ಯೋಹಾನನ ಸುವಾರ್ತೆಯ ದೃಷ್ಟಾಂತದಲ್ಲಿ ಕೊಂಬೆಯು ದ್ರಾಕ್ಷೇಬಳ್ಳಿಯ ರಸದಿಂದಲೇ ಬದುಕಿದರೂ ಕೊಂಬೆಯಾಗಿಯೇ ಉಳಿದು ಫಲಕೊಡುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಭ್ರಾಂತಿ ಮತ್ತೊಂದಿದೆ: ಕರ್ಮದಿಂದಲ್ಲದಿದ್ದರೂ ನಂಬಿಕೆಯೆಂಬ ಬೆಲೆಯನ್ನು ತೆತ್ತು ಈ ಐಕ್ಯವನ್ನು ಕೊಳ್ಳಬೇಕೆಂಬುದು. ಇದರಿಂದ ಭಕ್ತನು ಕ್ರಿಸ್ತನನ್ನು ನೋಡುವುದನ್ನು ಬಿಟ್ಟು, ತನ್ನ ನಂಬಿಕೆ ಸಾಲುವುದೋ ಇಲ್ಲವೋ ಎಂದು ತನ್ನೊಳಗನ್ನೇ ತಡಕುತ್ತ ದಿನ ಕಳೆಯುತ್ತಾನೆ. ಎಫೆಸದವರಿಗೆ ಬರೆದ ಪತ್ರವು ರಕ್ಷಣೆಯನ್ನು ಆದ್ಯಂತವಾಗಿ ದೇವರ ವರವೆಂದೇ ಕರೆದು, ಯಾರೂ ಹೊಗಳಿಕೊಳ್ಳಲು ಎಡೆಯಿಲ್ಲದಂತೆ ಮಾಡಿದೆ. ಮೂರ್ಛೆಬೀಳುತ್ತಿದ್ದ ಮಗನನ್ನು ಯೇಸುವಿನ ಬಳಿಗೆ ತಂದ ತಂದೆಯು, ತನಗೆ ನಂಬಿಕೆಯುಂಟೆಂದು ಹೇಳಿದ ಬಾಯಿಂದಲೇ ತನ್ನ ಅಪನಂಬಿಕೆಗೂ ನೆರವು ಬೇಡಿದನು. ಆ ಅರೆನಂಬಿಕೆಯೊಡನೆಯೇ ಅವನ ಮಗನು ಗುಣಹೊಂದಿದನೆಂದು ಮಾರ್ಕನು ಬರೆದಿರುವನು.