ಗಜನಿಯ ಕಗ್ಗ ಬತ್ತವೂ ಏರುತ್ತಿರುವ ಉಪ್ಪುನೀರೂ

ಬತ್ತವು ನೀರನ್ನು ಬಯಸುವ ಪೈರೇ ಹೊರತು ಉಪ್ಪನ್ನು ಸಹಿಸುವ ಪೈರಲ್ಲ. ಮಣ್ಣಿನ ದ್ರಾವಣದ ವಿದ್ಯುದ್ವಾಹಕತೆ ಮೀಟರಿಗೆ 3 ಡೆಸಿಸೀಮನ್ಸನ್ನು ಮೀರಿತೆಂದರೆ ಸಾಧಾರಣ ತಳಿಗಳ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರಿನಲ್ಲಾದರೋ ಅದು ಸುಮಾರು 50ರಷ್ಟಿರುತ್ತದೆ. ಹೀಗಿರುವಲ್ಲಿ, ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಅಳಿವೆಗೆ ತಾಗಿದ ಗಜನಿ ಭೂಮಿಗಳಲ್ಲಿ ತಲೆಮಾರುಗಳಿಂದ ಕಗ್ಗ ಬತ್ತವು ಬೆಳೆದುಬಂದುದು ಹೇಗೆ? ಸಮುದ್ರದ ಮಟ್ಟ ಏರುತ್ತಿರುವ, ಮುಂಗಾರು ಕ್ರಮ ತಪ್ಪುತ್ತಿರುವ ಈ ಕಾಲದಲ್ಲಿ ಇದು ಬರಿಯ ಶಾಸ್ತ್ರಕುತೂಹಲದ ಪ್ರಶ್ನೆಯಲ್ಲವಾದುದರಿಂದ, ಇಲ್ಲಿ ಅದನ್ನು ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅದರ ಸಿಹಿನೀರು ಅಳಿವೆಯ ಉಪ್ಪನ್ನು ಕಡಲಿನತ್ತ ತಳ್ಳುತ್ತದೆ. ಗಜನಿಯ ಸುತ್ತ ಒಡ್ಡು. ಒಡ್ಡಿನಲ್ಲಿ ಹಲಗೆಯ ಬಾಗಿಲುಗಳು. ಜೂನ್ ತಿಂಗಳ ಮಳೆ ಮೇಲ್ಮಣ್ಣಿನ ಉಪ್ಪನ್ನು ಕರಗಿಸಿದಾಗ, ಕಡಲು ಇಳಿಯುವ ಹೊತ್ತು ನೋಡಿ ರೈತರು ಆ ನೀರನ್ನು ಹೊರಬಿಡುತ್ತಾರೆ. ಅನಂತರ ಮೊಳಕೆಯೊಡೆದ ಬೀಜವನ್ನು ಎರಚುತ್ತಾರೆ. ಗೊಬ್ಬರದ ಮಾತೇ ಇಲ್ಲ. ಅಕ್ಟೋಬರಿನ ಕೊಯ್ಲು ಮುಗಿದ ಮೇಲೆ ಭರತದ ನೀರನ್ನು ಒಳಗೆ ಬಿಡುತ್ತಾರೆ. ಗದ್ದೆಯಲ್ಲುಳಿದ ಕೂಳೆ ಕೊಳೆತು ಮೀನು ಸಿಗಡಿಗಳಿಗೆ ಆಹಾರದ ಮೂಲವಾಗುತ್ತದೆ.

ಕಗ್ಗವು ಎತ್ತರದ ಪೈರು. ಕೆಲವು ದಿನಗಳ ನೆರೆಯನ್ನೂ ತಾಳಬಲ್ಲದು. ಉಪ್ಪನ್ನು ತಾಳುವ ಶಕ್ತಿಯ ಬಗೆಯನ್ನು ವಿಜ್ಞಾನಿಗಳು ವಿವರವಾಗಿ ಶೋಧಿಸಿರುವುದು ಅದರ ಸೋದರ ತಳಿಗಳಲ್ಲಿ. ಬಂಗಾಳದ ನೋನಾ ಬೋಕ್ರಾ ತಳಿಯಿಂದ 2005ರಲ್ಲಿ ಗುರುತಿಸಲಾದ ಜೀನೊಂದು ಬೇರಿನಿಂದ ಮೇಲೇರುವ ರಸದೊಳಗಿನ ಸೋಡಿಯಮನ್ನು ಹಿಂದಕ್ಕೆ ಸೆಳೆದು, ಎಲೆಗೆ ಹೋಗದಂತೆ ತಡೆಯುತ್ತದೆ. ಕೇರಳದ ಪೊಕ್ಕಾಳಿಯಲ್ಲಿಯೂ ಅದೇ ಒಂದನೆಯ ವರ್ಣತಂತುವಿನಲ್ಲಿ ಇಂಥ ಗುಣದ ನೆಲೆಯೊಂದು ಕಂಡುಬಂದಿದೆ. ಆದರೆ ಜೀನ್ ಒಂದರಿಂದಲೇ ಗದ್ದೆ ಉಳಿಯುವುದೆಂದು ತಿಳಿಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬತ್ತವು ಮೊಳೆಯುವಾಗ ಉಪ್ಪನ್ನು ಬಹುಮಟ್ಟಿಗೆ ತಾಳುತ್ತದೆ. ಎಳೆಯ ಸಸಿಯಾಗಿದ್ದಾಗಲೂ ಹೂವಾಡುವಾಗಲೂ ತಾಳಲಾರದು. ಮಳೆ ತಡವಾದರೆ ಮೊದಲನೆಯ ಗಂಡಾಂತರ, ನಡುವೆ ಬಿಡುವು ಕೊಟ್ಟರೆ ಎರಡನೆಯದು. ಆದಕಾರಣ ತಿಥಿ ನಕ್ಷತ್ರಗಳನ್ನಷ್ಟೇ ನಂಬದೆ ಗದ್ದೆಯ ನೀರಿನ ಉಪ್ಪನ್ನು ಅಳೆದು ಬಿತ್ತುವುದೂ, ಮರುಬಿತ್ತನೆಗೆಂದು ಬೀಜದ ಒಂದು ಪಾಲನ್ನು ಕಾದಿರಿಸುವುದೂ ಯುಕ್ತ. ಪೊಕ್ಕಾಳಿಯವರು ಮಣ್ಣಿನ ದಿಬ್ಬಗಳನ್ನು ಏರಿಸಿ, ಮಳೆಗೆ ಅವುಗಳ ಉಪ್ಪು ತೊಳೆದುಹೋದ ಬಳಿಕ ಅಲ್ಲಿಯೇ ಸಸಿ ಬೆಳೆಸಿ, ತಿಂಗಳಾದ ಮೇಲೆ ಗದ್ದೆಗೆ ಹರಡುತ್ತಾರೆ. ಈ ಉಪಾಯವನ್ನು ನಮ್ಮ ಕರಾವಳಿಯಲ್ಲಿಯೂ ಪರೀಕ್ಷಿಸಿ ನೋಡಬಹುದು.

ಇವೆಲ್ಲಕ್ಕಿಂತ ಕಠಿಣವಾದುದು ಒಡ್ಡಿನ ಪ್ರಶ್ನೆ. ಒಡ್ಡು ಒಬ್ಬನದಲ್ಲ. ಅದು ಒಂದೆಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಸಿಗಡಿಯ ಲಾಭಕ್ಕಾಗಿ ಕೆಲವರು ಮಳೆಗಾಲದಲ್ಲಿಯೂ ಬಾಗಿಲು ಮುಚ್ಚಗೊಡದಿದ್ದರೆ ನೆರೆಯವನು ಬಿತ್ತುವ ಹಾಗೆಯೇ ಇಲ್ಲ. ಸಿಗಡಿಯಿಂದ ಬರುವ ಹಣವನ್ನು ನಾವು ಹಳಿಯಲಾರೆವು. ಅದೂ ರೈತನ ಅನ್ನವೇ. ಆದರೆ ಬಿತ್ತದೆ ಬಿಟ್ಟ ಬೀಜವು ಕರಾವಳಿಯ ತೇವದ ಹವೆಯಲ್ಲಿ ಬಹುಕಾಲ ಜೀವ ಹಿಡಿದಿರದು. ಎರಡು ಮೂರು ವರ್ಷ ಬಿತ್ತನೆ ನಿಂತರೆ ಊರಿನಲ್ಲಿ ಮೊಳೆಯುವ ಕಗ್ಗದ ಬೀಜವೇ ಇಲ್ಲದಾಗಬಹುದು. ಶೀತಾಗಾರಗಳಲ್ಲಿ ಮಾದರಿಗಳನ್ನು ಇಡುವುದರ ಜೊತೆಗೆ, ಪ್ರತ್ಯೇಕ ಒಡ್ಡುಗಳೊಳಗಿನ ಎರಡು ಮೂರು ಗಜನಿಗಳಲ್ಲಾದರೂ ಪ್ರತಿವರ್ಷ ಕಗ್ಗವನ್ನು ಬಿತ್ತುವ ಏರ್ಪಾಡಾಗಬೇಕು. ಒಂದು ಒಡ್ಡು ಒಡೆದ ವರ್ಷ ಇನ್ನೊಂದರ ಬೀಜ ಕೈಗೆ ಸಿಗುತ್ತದೆ.